ಹನುಮಪ್ಪನ ಹತ್ತಿರ ರಜಾ ಕೇಳಿದ ಕಾಕಾ

ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಡೆ ದೊಡ್ಡ ತಿರುವಿದೆ. ತಿರುವಿನ ಮಗ್ಗುಲಲ್ಲಿ ಬೇವಿನ ಗಿಡ, ಗಿಡದ ಬುಡಕ್ಕೆ ಮೊಣಕಾಲೆತ್ತರದ ಹನುಮಪ್ಪ. ಗುಡಿ ಎನ್ನುವಂಥ ಗುಡಿಯೇನಲ್ಲ. ಸುತ್ತ ಕಲ್ಲು, ಮೇಲೊಂದು ತಗಡು, ಮೈತುಂಬ ಸಿಂಧೂರ, ಅಷ್ಟೇ. ಲಾರಿಯವನಿರಲಿ, ಬಸ್ಸಿನವನಿರಲಿ, ಬೈಕಿನ ಮೇಲೆ ಹೆಂಡತಿ ಮಕ್ಕಳನ್ನೆಲ್ಲ ಹೇರಿಕೊಂಡು ಹೊರಟವನಿರಲಿ, ಅಲ್ಲಿಗೆ ಬಂದ ಕೂಡಲೇ ಬಲಗೈ ಎತ್ತಿ ಹಣೆಗೊಮ್ಮೆ ಎದೆಗೊಮ್ಮೆ ಮುಟ್ಟಿಸಿಕೊಂಡೇ ಮುಂದೆ ಹೋಗುತ್ತಾನೆ. ನಾನು ಮಾತ್ರ ಎತ್ತುವುದಿಲ್ಲ.

ನಾನು ಗಂಗಾವತಿಯ ಒಂದು ಆಸ್ಪತ್ರೆಯ ಕಾರಿನ ಡ್ರೈವರು. ಹೊಲಿಗೆ ಹಾಕಿಸಿಕೊಂಡ ಬಾಣಂತಿಯರನ್ನು, ಡಯಾಲಿಸಿಸ್ ಮುಗಿಸಿ ಸುಸ್ತಾದವರನ್ನು ಅವರವರ ಮನೆ ಮುಟ್ಟಿಸುವುದು ನನ್ನ ಕೆಲಸ. ಮೊನ್ನೆ ಕೊಪ್ಪಳದ ಕಡೆಯ ಒಬ್ಬ ಬಾಣಂತಿಯನ್ನು ಕರೆದುಕೊಂಡು ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವಳ ಅತ್ತೆ ಬೇವಿನ ಗಿಡ ದಾಟಿದ್ದೇ ತಡ, ಕೇಳಿಯೇಬಿಟ್ಟರು.

"ಏನವ್ವಾ, ಹನುಮಪ್ಪಗ ಕೈ ಎತ್ತಲೇ ಇಲ್ಲಲ್ಲ?"

"ನನ್ನ ಪಾಲಿಂದು ಆಗೈತ್ರೀ ಅತ್ತಿ," ಅಂದೆ.

"ಯಾರು ಮಾಡ್ಯಾರ?"

ಅದನ್ನು ಹೇಳಬೇಕೆಂದರೆ ಡ್ರೈವರ್ ಕಾಕಾನ ಕಥೆ ಪೂರ್ತಿ ಹೇಳಬೇಕು. ಅಷ್ಟರಲ್ಲಿ ಅವರ ಊರು ಬಂತು, ಮಾತು ಅಲ್ಲಿಗೇ ನಿಂತಿತು. ಕಾಕಾ ತೀರಿಕೊಂಡು ವರ್ಷವಾಗುತ್ತ ಬಂತು. ಆ ಅತ್ತೆಗೆ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಕಾಕಾ ನಮ್ಮ ಓಣಿಯವರು, ಸರಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಹುಟ್ಟಿದ್ದು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ, ಕುರಿ ಸಾಕುವ ಮನೆತನದಲ್ಲಿ. ಸರ್ವೀಸಿನುದ್ದಕ್ಕೂ ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಎಂದು ಈ ನಾಲ್ಕು ಊರುಗಳ ನಡುವೆಯೇ ತಿರುಗಿದವರು. ಯಾರಾದರೂ "ಮುಂಬೈ ನೋಡೀರೇನ್ರಿ ಕಾಕಾ?" ಎಂದು ಕೇಳಿದರೆ "ಕುಷ್ಟಗಿ ನೋಡೀನಿ, ಸಾಕು" ಎನ್ನುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಓಣಿಗೆಲ್ಲ ಅವರು ಡ್ರೈವರ್ ಕಾಕಾ, ಅವರ ಹೆಂಡತಿ ಕಾಕು.

ವಿನಯವಂತರು ಎಂದು ಮಾತ್ರ ನಾನು ಹೇಳಲಾರೆ. ತಾವು ಕೂತ ಸೀಟಿನಲ್ಲಿ ಇನ್ನೊಬ್ಬ ಕೂತರೆ ಎಂಜಿನ್ನಿಗೇ ಬೇಜಾರಾಗುತ್ತದೆ ಎಂದು ನಂಬಿದ್ದ ಮನುಷ್ಯ. ಬಿಳಿ ಅಂಗಿ ಇಸ್ತ್ರಿಯಾಗದಿದ್ದರೆ ಮನೆ ಮುಂದಿನ ಕಟ್ಟೆಗೂ ಬರುತ್ತಿರಲಿಲ್ಲ. ತಲೆಗೂದಲಿಗೆ ಕಪ್ಪು ಹಚ್ಚುತ್ತಿದ್ದರು, ಮೀಸೆಯನ್ನು ಬೆಳ್ಳಗೇ ಬಿಡುತ್ತಿದ್ದರು. ಅದ್ಯಾಕ್ರಿ ಹಾಗೆ ಎಂದರೆ, "ಮೀಸಿ ಸರ್ವೀಸಿನ್ಯಾಗ ಗಳಿಸಿದ್ದು ಯವ್ವಾ, ಅದಕ್ಕ ಬಣ್ಣ ಹಚ್ಚಬಾರದು" ಎಂದು ಅದನ್ನೊಮ್ಮೆ ತೀಡಿಕೊಳ್ಳುತ್ತಿದ್ದರು. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುವಾಗ ಬೀದಿಯಲ್ಲಿ ಯಾರದ್ದಾದರೂ ಗೇರು ಕರ್ ಎಂದರೆ ಮುಖ ಹುಳ್ಳಗೆ ಮಾಡಿ ಬಸಿ ಕೆಳಗಿಡುತ್ತಿದ್ದರು. ನಮ್ಮ ಮನೆಯಲ್ಲಿ ಮಿಕ್ಸಿ ಹಚ್ಚಿದರೂ ಬಿಡುತ್ತಿರಲಿಲ್ಲ. ಕಟ್ಟೆಯಿಂದಲೇ ಕೂಗುವುದು: "ಯವ್ವಾ, ಲೋಡ್ ಭಾಳ ಆಗೈತಿ, ಅರ್ಧ ತಗಿ." ನಾನು ಮುಚ್ಚಳ ತೆಗೆದು ನೋಡಿದರೆ ಕೊಬ್ಬರಿ ಕಂಠಮಟ್ಟ ತುಂಬಿರುತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬೇರೆಯವರು ನಡೆಸುವ ಗಾಡಿಯಲ್ಲಿ ಕೂತರಂತೂ ನೋಡಬೇಕು ಅವರ ಪಾಡು. ಬ್ರೇಕು ಇಲ್ಲದ ಕಡೆ ಅವರ ಬಲಗಾಲು ಬ್ರೇಕು ಒತ್ತುತ್ತಿತ್ತು. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಮಗಳ ಮದುವೆಗೆಂದು ದಿಬ್ಬಣ ಕುಷ್ಟಗಿಗೆ ಹೋದಾಗ ಬಸ್ಸಿನ ತುಂಬ ಜನ ಬಾಯಿ ತೆರೆದು ಮಲಗಿದ್ದರಂತೆ, ಕಾಕಾ ಒಬ್ಬರೇ ಡ್ರೈವರನ ಹಿಂದೆ ಕಣ್ಣು ಬಿಟ್ಟುಕೊಂಡು ಕೂತಿದ್ದರಂತೆ. ಬೀಗರ ಮನೆ ಮುಂದೆ ಇಳಿಯುವಾಗ ಮೀನಖಂಡ ಹಿಡಿದುಕೊಂಡು ಕುಂಟುತ್ತಿದ್ದರು ಎಂದು ಕಾಕು ಈಗಲೂ ಹೇಳಿ ನಗುತ್ತಾರೆ.

"ಇನ್ನೊಬ್ಬನ ಗಾಡ್ಯಾಗ ನಿದ್ದಿ ಮಾಡೂದಂದ್ರ ನನ್ನ ಜೀವಾನ ಅವನ ಕೈಯಾಗ ಕೊಟ್ಟಂಗ," ಎನ್ನುತ್ತಿದ್ದರು ಕಾಕಾ. "ಅಂಥಾ ಡ್ರೈವರ್ ಇನ್ನೂ ಹುಟ್ಟಿಲ್ಲ."

ಇಂಥವರ ಮುಂದೆ ನಾನು ಹೋಗಿ ನಿಂತದ್ದು ನನ್ನ ಗರಜಿಗೆ. ಆಗ ನಾನು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದೆ. ಆಸ್ಪತ್ರೆಯವರು ರೋಗಿಗಳನ್ನು ಮನೆ ಮುಟ್ಟಿಸಲೆಂದು ಒಂದು ಕಾರು ಕೊಂಡರು. ಡ್ರೈವರು ಹೆಂಗಸಾದರೆ ಬಾಣಂತಿಯರಿಗೆ ಅನುಕೂಲ, ನಮ್ಮ ಸಿಬ್ಬಂದಿಯಲ್ಲೇ ಯಾರಾದರೂ ಇದ್ದರೆ ಅವರಿಗೇ ಮೊದಲು ಅವಕಾಶ ಎಂದರು. ಆದರೆ ಲೈಸೆನ್ಸ್ ಒಂದೇ ಸಾಲದು. ಹುಬ್ಬಳ್ಳಿಯಿಂದ ಬರುವ ತರಬೇತುದಾರರು ಮೇಲಿನ ಮಟ್ಟದ ಪರೀಕ್ಷೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಪಾಸಾಗಬೇಕು. ಎರಡು ಸಲ ಅವಕಾಶ. ಎರಡನೆಯದರಲ್ಲೂ ಆಗದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುವುದು ಎಂದು ಮೊದಲೇ ಹೇಳಿಬಿಟ್ಟರು.

ನನ್ನ ಹತ್ತಿರ ಲೈಸೆನ್ಸ್ ಇತ್ತು. ನನ್ನ ಗಂಡ ಮೋಟರ್ ರಿಪೇರಿ ಅಂಗಡಿ ಇಟ್ಟವನು, ಒಂದು ಹಳೇ ಕಾರು ಕೊಂಡಿದ್ದ. ಹಟ ಹಿಡಿದು ನಾನೂ ಕಲಿತಿದ್ದೆ. ನನ್ನ ಕೈಯಲ್ಲಿ ಕಾರು ಹೊರಡುತ್ತಿತ್ತು, ನಿಲ್ಲುತ್ತಿತ್ತು. ನಡುವೆ ಏನಾಗುತ್ತಿತ್ತೋ ದೇವರಿಗೇ ಗೊತ್ತು.

ಆದರೂ ಆ ಕೆಲಸ ನನಗೆ ಬೇಕೇ ಬೇಕಿತ್ತು. ಮಗಳು ಹುಟ್ಟಿದಾಗ ಕೊಪ್ಪಳದಲ್ಲಿ ನನಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಹೊಲಿಗೆ ಇನ್ನೂ ಹಸಿ ಇರುವಾಗ ಬಾಡಿಗೆ ಜೀಪಿನಲ್ಲಿ ಗಂಗಾವತಿಗೆ ಕರೆತಂದರು. ಆ ಡ್ರೈವರು ಕೆಟ್ಟವನಲ್ಲ, ಪಾಪ, ಬೇಗ ಮನೆ ಮುಟ್ಟಿಸಬೇಕು ಎಂದುಕೊಂಡಿದ್ದ. ಅವನು ಬ್ರೇಕ್ ಒತ್ತಿದಾಗಲೆಲ್ಲ ನಾನು ಸೆರಗು ಕಚ್ಚಿ ಹಿಡಿಯುತ್ತಿದ್ದೆ. ಮನೆ ಮುಟ್ಟುವ ಹೊತ್ತಿಗೆ ಸೆರಗು ಹರಿದಿತ್ತು. ಮುಂದೆ ಆಯಾ ಆದ ಮೇಲೆ ಬಾಣಂತಿಯರನ್ನು ಆಸ್ಪತ್ರೆ ಬಾಗಿಲಲ್ಲಿ ಆಟೋ ಹತ್ತಿಸುವಾಗ ಪ್ರತಿ ಸಲವೂ ನನ್ನ ಹೊಟ್ಟೆಯೇ ಹಿಡಿದುಕೊಳ್ಳುತ್ತಿತ್ತು. ಇವರನ್ನು ನಾನೇ ಕರೆದುಕೊಂಡು ಹೋಗುವಂತಾದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ.

ಕಾಕಾ ಎಲ್ಲ ಕೇಳಿಸಿಕೊಂಡು ಬಸಿ ಖಾಲಿ ಮಾಡಿದರು.

"ಪರೀಕ್ಷಾದಾಗ ಏನು ನೋಡ್ತಾರಂತ?"

"ಹಿಂದ ಕುಂತವರಿಗೆ ಗಾಡಿ ಹೋಗಾಕ ಹತ್ತೈತಿ ಅಂತ ಗೊತ್ತಾಗಬಾರದಂತ್ರಿ."

"ಹಂಗಾರ ಹಿಂದ ಒಬ್ಬರು ಕುಂದ್ರಬೇಕಾತು," ಎಂದವರೇ ಒಳಕ್ಕೆ ತಿರುಗಿ ಕೂಗಿದರು. "ಏ, ನಿಂಬಿಹಣ್ಣು ತಗೊಂಡು ಹೊರಗ ಬಾ."

ಕಾಕುಗೆ ಗಾಡಿ ಆಗಿಬರುತ್ತಿರಲಿಲ್ಲ. ಡ್ರೈವರನ ಹೆಂಡತಿಯಾಗಿ ಬಸ್ಸು ಹತ್ತಿದರೆ ವಾಂತಿ. ಗಂಡನ ಬಸ್ಸಿನಲ್ಲೂ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡೇ ತವರಿಗೆ ಹೋಗಿ ಬಂದವರು. ಹೊಟ್ಟೆ ತೊಳಸಿದರೆ ಅದನ್ನು ಮೂಗಿಗೆ ಹಿಡಿಯುವುದು. ಕಾಕಾ ಅವರನ್ನು ನಮ್ಮ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ನನಗೆ ಹೇಳಿದರು: "ನಿನ್ನ ಪರೀಕ್ಷಾ ತಗೊಳ್ಳಾಕ ಹುಬ್ಬಳ್ಳಿಯವರು ಬ್ಯಾಡ. ನಿಮ್ಮ ಕಾಕು ನಿಂಬಿಹಣ್ಣು ಮೂಸಿದ್ಲಂದ್ರ ನೀ ಫೇಲ್."

ಮೊದಲ ದಿನ ನಾನು ಕೀಲಿ ತಿರುವುವ ಮುಂಚೆಯೇ ಕಾಕು ಮೂಸಿದರು.

"ಇನ್ನೂ ಗಾಡಿ ಚಾಲೂ ಮಾಡಿಲ್ರಿ ಕಾಕು," ಅಂದೆ.

"ಇರಲಿ ಬಿಡವಾ," ಎಂದರು ಕಾಕು. "ನೀ ಕುಂತ ರೀತಿ ನೋಡೇ ಗೊತ್ತಾತು."

ಕಾಲುವೆ ಪಕ್ಕದ ರಸ್ತೆಯಲ್ಲಿ ಶುರುವಾದ ನನ್ನ ಪಾಠ ಮುಂದೆ ಕೊಪ್ಪಳ ರಸ್ತೆ, ಕುಷ್ಟಗಿ ರಸ್ತೆಗೂ ಬೆಳೆಯಿತು. ಕಾಕಾ ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ ಕೂರುತ್ತಿದ್ದರು. ಸ್ಟೀರಿಂಗ್ ಹಿಡಿದ ನನ್ನ ಕೈ ನೋಡಿ, "ಹಿಡಿ, ಹಿಂಡಬ್ಯಾಡ. ಅದೇನು ತೊಳದ ಅರಿವೀನ?" ಎಂದರು. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಹೋದರೆ, "ಅದು ಹಾಸಿಗಿ ಅಲ್ಲ ಯವ್ವಾ, ಕಾಲು ಮಲಗಸಬ್ಯಾಡ." ರಸ್ತೆ ಬಿಟ್ಟು ಬಾನೆಟ್ ನೋಡುತ್ತ ನಡೆಸಿದರೆ, "ಅದನ್ನ ಯಾರೂ ಕದಿಯೂದಿಲ್ಲ. ದೂರ ನೋಡು. ಮುಂದಿನ ಊರಿನ್ಯಾಗ ಎಮ್ಮಿ ಅಡ್ಡ ಬಂದ್ರ ನಿನಗ ಇಲ್ಲಿಂದನ ಕಾಣಬೇಕು." ಗೇರು ಜಗ್ಗಿದರೆ ಅವರು ಬೈಯುತ್ತಿರಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬ್ರೇಕು. "ಒತ್ತಾಕ ಎಲ್ಲಾರಿಗೂ ಬರ್ತೈತಿ, ಬಿಡಾಕ ಬರಬೇಕು," ಎನ್ನುತ್ತಿದ್ದರು. ಗಾಡಿ ಇನ್ನೇನು ನಿಂತೇಬಿಡುತ್ತದೆ ಎನ್ನುವಾಗ ಪೆಡಲ್ಲಿನ ಮೇಲಿನ ಕಾಲನ್ನು ಒಂದಿಷ್ಟೇ ಹಗುರ ಮಾಡಬೇಕು. ಆಗ ಅದು ಮೂತಿ ಕೆಳಗೆ ಹಾಕಿ ಜಗ್ಗದೆ ಸುಮ್ಮನೆ ನಿಲ್ಲುತ್ತದೆ. ಮೊದಮೊದಲು ನಾನು ಬೇಗ ಬಿಟ್ಟು ಮುಂದಕ್ಕೆ ಹೋಗಿಬಿಡುತ್ತಿದ್ದೆ, ಇಲ್ಲವೇ ಮರೆತು ಜಗ್ಗಿಬಿಡುತ್ತಿದ್ದೆ. ಹಿಂದೆ ಕಾಕು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು, ನಿಂಬೆಹಣ್ಣಿನ ವಾಸನೆ ಮುಂದಿನ ಸೀಟಿಗೂ ಬರುತ್ತಿತ್ತು. ಅಡುಗೆ ಮನೆಯಲ್ಲಿ ನಿಂತಾಗಲೂ ನನ್ನ ಬಲಗಾಲು ನೆಲ ಒತ್ತಿ ಬಿಡುತ್ತಿದ್ದುದನ್ನು ನೋಡಿ ನನ್ನ ಗಂಡ, "ಕಾಕಾನ ಗಾಳಿ ಹೊಕ್ಕೈತಿ ನಿನಗ" ಎಂದು ನಕ್ಕ.

ಕಾಕಾ ಹೇಳಿದ್ದೆಲ್ಲ ವೇದವಾಕ್ಯವೇನೂ ಆಗಿರಲಿಲ್ಲ. ಇಳಿಜಾರು ಬಂದರೆ ಗೇರು ತಪ್ಪಿಸಿ ನ್ಯೂಟ್ರಲ್ಲಿನಲ್ಲಿ ಬಿಡು, ಎಣ್ಣೆ ಉಳಿಯುತ್ತದೆ ಎಂದು ಅವರ ಹಟ. ಇಳಿಜಾರಿನಲ್ಲಿ ಗಾಡಿ ಗೇರಿನಲ್ಲೇ ಇರಬೇಕು, ಇಲ್ಲದಿದ್ದರೆ ಫೇಲ್ ಎಂದು ಆಸ್ಪತ್ರೆಯವರು ನನಗೆ ಹೇಳಿದ್ದರು. ಅದನ್ನು ಹೇಳಿದಾಗ ಕಾಕಾ, "ನಾ ಉಳಿಸಿದ ಡೀಸೆಲ್‌ನ್ಯಾಗ ಒಂದು ಕೆರಿ ತುಂಬತಿತ್ತು" ಎಂದು ಮುನಿಸಿಕೊಂಡು ಇಳಿದು ಹೋದರು. ಮರುದಿನ ಪಾಠಕ್ಕೆ ಬರಲಿಲ್ಲ. ಅದರ ಮರುದಿನ ಇಸ್ತ್ರಿ ಅಂಗಿ ಹಾಕಿಕೊಂಡು ತಾವೇ ಬಂದು ಕಾರಿನ ಬಾಗಿಲು ತೆಗೆದರು. "ರಾತ್ರೆಲ್ಲಾ ವಿಚಾರ ಮಾಡಿದೆ. ಅವರು ಹೇಳೂದು ಖರೇ ಐತಿ. ಗೇರಿನ್ಯಾಗ ಇದ್ರ ಗಾಡಿ ನಮ್ಮ ಮಾತು ಕೇಳ್ತೈತಿ," ಎಂದರು. ಆಮೇಲೆ ಆ ಮಾತನ್ನು ಓಣಿಯಲ್ಲಿ ತಮ್ಮದೇ ಮಾತೆಂಬಂತೆ ಎಲ್ಲರಿಗೂ ಹೇಳಿಕೊಂಡು ಬಂದರು.

ಒಂದು ಮುಂಜಾನೆ ಕುಷ್ಟಗಿ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂತು. ರಸ್ತೆ ತುಂಬ ಕುರಿ. ನಾನು ಹಾರ್ನಿಗೆ ಕೈ ಹಾಕಿದೆ. ಕಾಕಾ ತಡೆದರು.

"ನೀ ಹಾರ್ನ್ ಹೊಡದ್ರ ಕುರಿ ಎಲ್ಲಿ ಹೋಗ್ತಾವ ಹೇಳು?"

"ಬದೀಗೆ ಹೋಗ್ತಾವ್ರಿ."

"ಇಲ್ಲ. ಮುಂದಿನ ಕುರಿ ಹೋದಲ್ಲೆ ಹೋಗ್ತಾವ. ಆ ಮುಂದಿನ ಕುರಿ ಹೆದರಿ ನಿನ್ನ ಗಾಲಿ ಕೆಳಗ ಬರ್ತೈತಿ. ಹಾರ್ನ್ ಬ್ಯಾಡ. ಫಸ್ಟಿನ್ಯಾಗ ಹಾಕು, ಕ್ಲಚ್ ಅರ್ಧ ಬಿಡು, ಕುರಿ ನಡದಂಗ ನಡಸು."

ಕುರಿಗಳ ನಡಿಗೆಗೆ ಕಾರನ್ನು ಹೊಂದಿಸುವುದೆಂದರೆ ಸುಮ್ಮನೆ ಮಾತಲ್ಲ. ಕ್ಲಚ್ಚಿನ ಮೇಲೆ ನನ್ನ ಎಡಗಾಲು ನಡುಗುತ್ತಿತ್ತು. ಆದರೂ ಕಾರು ನಿಲ್ಲಲಿಲ್ಲ, ಜಗ್ಗಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕುರಿಗಳು ತಮ್ಮ ಪಾಡಿಗೆ ತಾವು ಎರಡು ಕಡೆ ಸರಿದು ದಾರಿ ಬಿಡತೊಡಗಿದವು. ಕುರಿ ಕಾಯುವವನು ಕಿಟಕಿಯ ಪಕ್ಕದಲ್ಲೇ ನಡೆಯುತ್ತ ಕಾಕಾನ ಜೊತೆ ಮೇವಿನ ವಿಷಯ ಮಾತಾಡಿದ. ಕೊನೆಗೆ ನನ್ನ ಕಡೆ ನೋಡಿ, "ಅಕ್ಕಾರು ಕುರಿ ಕಾದಾರೇನ್ರಿ?" ಎಂದು ಕೇಳಿದ.

"ಈಗ ಕಾಯಾಕ ಹತ್ಯಾಳ," ಎಂದರು ಕಾಕಾ.

ಆ ದಿನ ಮನೆಗೆ ಬಂದಾಗ ಕಾಕು ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟರು. "ಮೂಸಿಲ್ಲ ನೋಡು. ಚಿತ್ರಾನ್ನಕ್ಕ ಹಾಕ್ಕೊ." ನನಗೆ ಅಂದು ಆದ ಖುಷಿ ಹೇಳಿ ಮುಗಿಯುವಂಥದ್ದಲ್ಲ.

ಪರೀಕ್ಷೆಯ ದಿನ ಬಂತು. ಹುಬ್ಬಳ್ಳಿಯ ತರಬೇತುದಾರರು ಟೋಪಿ ಹಾಕಿದ, ಕಡಿಮೆ ಮಾತಿನ ಮನುಷ್ಯ. ನನ್ನನ್ನು ಕೊಪ್ಪಳ ರಸ್ತೆಗೆ ಕರೆದುಕೊಂಡು ಹೋದರು. ಊರೊಳಗಿನ ಸಂದಣಿ, ರಸ್ತೆಯ ಮೇಲೆ ಒಣಗಲು ಹರವಿದ ಭತ್ತ, ಉಬ್ಬು, ಇಳಿಜಾರು ಎಲ್ಲ ದಾಟಿದೆವು. ಒಂದು ಕಡೆಯೂ ಕಾರು ಮೂತಿ ಹಾಕಲಿಲ್ಲ. ವಾಪಸು ಬಂದು ನಿಲ್ಲಿಸಿದಾಗ ನಾನು ಒಳಗೊಳಗೇ ಸಿಹಿ ಹಂಚಿಯಾಗಿತ್ತು.

"ಅಕ್ಕಾರ, ನಿಮ್ಮ ಕೈಕಾಲು ಭಾಳ ಛಲೋ ಕೆಲಸ ಮಾಡ್ತಾವ," ಎಂದರು ಟೋಪಿಯವರು. "ಆದ್ರ ಆ ತಿರುವಿನ್ಯಾಗ ಬಲಗೈ ಯಾಕ ತಗದ್ರಿ?"

"ಯಾವ ತಿರುವಿನ್ಯಾಗ್ರಿ?"

"ಬೇವಿನ ಗಿಡದ ಹತ್ರ. ಎದುರಿಗೆ ಭತ್ತದ ಲಾರಿ ಬರಾಕ ಹತ್ತಿತ್ತು. ನಿಮ್ಮ ಎಡಗೈ ಗೇರಿನ ಮ್ಯಾಲಿತ್ತು, ಬಲಗೈ ಹಣಿಗೆ ಹೋತು. ಆ ಹೊತ್ತಿನ್ಯಾಗ ಸ್ಟೀರಿಂಗ್ ಯಾರ ಕೈಯಾಗಿತ್ರಿ?"

ಹನುಮಪ್ಪನ ಕೈಯಲ್ಲಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ನಾನು ಕೈ ಎತ್ತಿದ್ದೇ ನನಗೆ ಗೊತ್ತಿರಲಿಲ್ಲ.

"ನನಗೂ ದೇವರ ಮ್ಯಾಲ ನಂಬಿಕಿ ಐತ್ರಿ," ಎಂದರು ಅವರು ಮೆತ್ತಗೆ. "ಆದ್ರ ಲೈಸೆನ್ಸ್ ನಿಮ್ಮ ಹೆಸರಿನ್ಯಾಗೈತಿ. ಇನ್ನೊಂದು ಸಲ ಬರ್ತೀನಿ, ತಯಾರಿ ಮಾಡ್ಕೋರಿ."

ಹೆರಿಗೆ ವಾರ್ಡಿನ ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇಷ್ಟು ದಿನ ಕಲಿತದ್ದೆಲ್ಲ ಒಂದು ಕೈ ಎತ್ತಿದ್ದಕ್ಕೆ ಹೋಯಿತಲ್ಲ. ಉಳಿದದ್ದು ಇನ್ನೊಂದೇ ಅವಕಾಶ. ತಿಳಿದು ಮಾಡಿದ ತಪ್ಪಾದರೆ ತಿದ್ದಿಕೊಳ್ಳಬಹುದು, ತಿಳಿಯದೇ ಏಳುವ ಕೈಯನ್ನು ಏನು ಮಾಡುವುದು?

ಕಾಕಾ ಸುದ್ದಿ ಕೇಳಿ ಮೊದಲು ಹುಬ್ಬಳ್ಳಿಯವರನ್ನು ಬೈದರು. "ದೇವರಿಗೆ ಕೈ ಮುಗದ್ರ ಫೇಲ್ ಮಾಡೂದು ಯಾವ ಊರಿನ ನ್ಯಾಯ?" ಕಾಕು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು.

"ಅವರನ್ನ ಯಾಕ ಬೈತೀರಿ? ನಿಮ್ಮ ಚಟಾನ ಹುಡುಗಿಗೆ ಹತ್ತಿಸೀರಿ. ಆ ಗಿಡದ ಹತ್ರ ನೀವು ಕೈ ಎತ್ತಿದಾಗೆಲ್ಲಾ ಆಕಿ ಕೈನೂ ಏಳತಿತ್ತು. ನಾ ಹಿಂದ ಕುಂತು ನೋಡೀನಲ್ಲ."

"ಮತ್ತ ಹೇಳಬಾರದೇನು?" ಎಂದರು ಕಾಕಾ.

"ಆಕಿಗೆ ಭಕ್ತಿ ಬಂದೈತಿ ಅಂತ ತಿಳಕೊಂಡಿದ್ದೆ."

ಕಾಕಾನಿಂದ ನಾನು ಕ್ಲಚ್ಚು, ಬ್ರೇಕು, ಗೇರು ಎಲ್ಲ ಕಲಿತಿದ್ದೆ. ಕಲಿಸದೇ ಇದ್ದ ಅದೊಂದನ್ನೂ ಅವುಗಳ ಜೊತೆಗೇ ಕಲಿತುಬಿಟ್ಟಿದ್ದೆ.

ಶನಿವಾರ ಮುಂಜಾನೆ ಕಾಕಾ ನಮ್ಮ ಕಾರಿನ ಹತ್ತಿರ ಬಂದು, "ಬೇವಿನ ಗಿಡದ ಹತ್ರ ಬಿಡು" ಎಂದರು. ಕೈಯಲ್ಲಿ ತೆಂಗಿನಕಾಯಿ ಇತ್ತು. ನಾನೂ ಕಾಕುವೂ ಜೊತೆಗೆ ಹೋದೆವು. ಹನುಮಪ್ಪನ ಮುಂದೆ ಕಾಕಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಡಿಪೋದ ಸಾಹೇಬರ ಮುಂದೆ ನಿಂತಂತೆ ನೆಟ್ಟಗೆ ನಿಂತರು. ಮನಸ್ಸಿನಲ್ಲಿ ಬೇಡಿಕೊಳ್ಳುವ ಪೈಕಿ ಅಲ್ಲ ಅವರು, ಗಟ್ಟಿಯಾಗಿಯೇ ಹೇಳಿದರು.

"ಹನುಮಪ್ಪಾ, ಬಸ್ಸು ಹತ್ತಿದಾಗಿಂದ ನಿನಗ ಕೈ ಎತ್ತದ ನಾ ದಾಟಿದವ ಅಲ್ಲ, ನಿನಗ ಗೊತ್ತೈತಿ. ಈ ಹುಡುಗಿ ಪಾಸ್ ಆಗೂತನಾ ನಮ್ಮಿಬ್ಬರಿಗೂ ರಜಾ ಬೇಕು. ಸಿಟ್ಟಾಗಬ್ಯಾಡ. ಆಗೂದ ಇದ್ರ ನನ್ನ ಮ್ಯಾಲ ಆಗು, ಆಕಿ ಗಾಡಿ ನಡಸಾಕ ಹತ್ಯಾಳ."

ಕಾಯಿ ಒಡೆದರು. ಸರಿಯಾಗಿ ಎರಡು ಹೋಳಾಯಿತು. "ಮಂಜೂರಾತು," ಎಂದು ನನ್ನ ಕಡೆ ತಿರುಗಿದರು.

ಕಾಕು ನನ್ನ ಕಿವಿಯಲ್ಲಿ ಹೇಳಿದರು: "ನನ್ನ ತವರಿಗೆ ಬರಾಕ ಒಂದ ದಿನಾನೂ ರಜಾ ಕೇಳಿದ ಗಂಡಸಲ್ಲ ಇದು."

ಅಂದಿನಿಂದ ಪಾಠವೆಂದರೆ ಅದೇ ತಿರುವು. ಹೋಗುವುದು, ಮುಂದೆ ತಿರುಗಿಸಿಕೊಂಡು ಬರುವುದು, ಮತ್ತೆ ಹೋಗುವುದು. ಗೇರು ಬದಲಿಸುವುದನ್ನೂ ಕಾಕಾ ತಿದ್ದಿದರು: "ತಿರುವಿಗೆ ಬಂದು ಗೇರು ಹುಡುಕಬ್ಯಾಡ, ಬರೂಕಿಂತ ಮೊದಲ ಹಾಕಿ ಮುಗಿಸು. ತಿರುವಿನ್ಯಾಗ ಎರಡೂ ಕೈಗೆ ಒಂದ ಕೆಲಸ." ಬೇವಿನ ಗಿಡ ಹತ್ತಿರವಾಗುತ್ತಿದ್ದಂತೆ ಅವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಅವುಗಳ ಮೇಲೆ ಕೂತುಬಿಡುತ್ತಿದ್ದರು. ಗಿಡ ದಾಟುವಾಗ ಅವರ ಬಲಭುಜ ತಾನಾಗಿ ಕುಲುಕುತ್ತಿತ್ತು. ನನ್ನ ಬಲಗೈ ಸ್ಟೀರಿಂಗಿನ ಮೇಲೆ ಜುಮ್ಮೆನ್ನುತ್ತಿತ್ತು. ಮೊದಲ ದಿನ ಇಬ್ಬರಿಗೂ ನಗು ತಡೆಯಲಿಲ್ಲ. ಆಮೇಲೆ ಒಂದು ದಿನ ಅವರ ಮುಖ ನೋಡಿದೆ, ಸಪ್ಪಗಾಗಿತ್ತು. ಇಷ್ಟು ವರ್ಷದ ರೂಢಿಯನ್ನು ನನ್ನ ಸಲುವಾಗಿ ಅದುಮಿಕೊಂಡು ಕೂತಿದ್ದಾರಲ್ಲ ಎನ್ನಿಸಿತು.

"ಕಾಕಾ, ನೀವು ಮುಗೀರಿ. ನಾ ನೋಡೂದಿಲ್ಲ."

"ರಜಾ ಅಂದ್ರ ರಜಾ. ನೀ ಮುಂದ ನೋಡು."

ಎರಡನೆಯ ಪರೀಕ್ಷೆಗೆ ಟೋಪಿಯವರು ಮತ್ತೆ ಅದೇ ರಸ್ತೆಗೆ ಕರೆದುಕೊಂಡು ಹೋದರು. ಬೇವಿನ ಗಿಡ ದೂರದಲ್ಲಿ ಕಂಡಿತು. ವೇಗ ಇಳಿಸಿದೆ, ತಿರುವಿಗೆ ಮೊದಲೇ ಗೇರು ಬದಲಿಸಿದೆ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟೆ. ಕೈ ಏಳಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಏನೋ ಅಲುಗಿದಂತಾಯಿತು. ಓರೆಗಣ್ಣಿನಲ್ಲಿ ನೋಡಿದರೆ ಟೋಪಿಯವರ ಬಲಗೈ ಹಣೆಗೆ ಹೋಗಿ ಎದೆಗೆ ಇಳಿಯುತ್ತಿತ್ತು.

"ರಸ್ತೆ ನೋಡ್ರಿ ಅಕ್ಕಾರ," ಎಂದರು.

ಪಾಸಾದೆ. ಓಣಿಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಬ್ರೇಕು ಹೇಗಾಯಿತು, ಇಳಿಜಾರು ಹೇಗಾಯಿತು ಎಂದು ಒಂದೂ ಕೇಳಲಿಲ್ಲ.

"ಹನುಮಪ್ಪನ ಹತ್ರ?"

"ಎರಡೂ ಕೈ ಸ್ಟೀರಿಂಗ್ ಮ್ಯಾಲ್ರಿ."

ಅವರು ಮೀಸೆ ತೀಡಿಕೊಂಡರು, ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಎಲ್ಲಿಗ್ರಿ ಎಂದರೆ, "ರಜಾ ಮುಗೀತು, ಹಾಜರಿ ಹಾಕಿ ಬರ್ತೀನಿ" ಎಂದು ಬಸ್ ಸ್ಟ್ಯಾಂಡಿನ ಕಡೆ ಹೊರಟೇಹೋದರು.

ನಾನು ಆಸ್ಪತ್ರೆಯ ಕಾರು ಹತ್ತಿದೆ. ಆನೆಗೊಂದಿ, ಹನುಮನಹಳ್ಳಿ, ಅಳವಂಡಿ ಎಂದು ಸುತ್ತಮುತ್ತಲಿನ ಎಷ್ಟೋ ಊರುಗಳ ಬಾಣಂತಿಯರನ್ನು ಮನೆ ಮುಟ್ಟಿಸಿದೆ. ಸೆರಗು ಕಚ್ಚಿ ಹಿಡಿದವರನ್ನು ನನ್ನ ಕನ್ನಡಿಯಲ್ಲಿ ಕಂಡಿಲ್ಲ. ಕೆಲವರು ಮಗುವಿನ ಜೊತೆ ತಾವೂ ಮಲಗಿಬಿಡುತ್ತಾರೆ, ಊರು ಬಂದಾಗ ನಾನೇ ಎಬ್ಬಿಸಬೇಕು.

ಕೆಲವು ವರ್ಷಗಳ ನಂತರ ಕಾಕಾಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕೊಪ್ಪಳದಲ್ಲಿ ಆಪರೇಷನ್ ಆಯಿತು. ಮತ್ತೆ ತೋರಿಸಲು ಹೋಗಬೇಕಾದ ದಿನ ನನಗೆ ರಜೆ ಇತ್ತು, ನಮ್ಮ ಹಳೇ ಕಾರಿನಲ್ಲೇ ಕರೆದುಕೊಂಡು ಹೊರಟೆ. ಒರಗಿಕೊಂಡು ಕೂರಲು ಬೇಕೆಂದು ಕಾಕು ಅವರನ್ನು ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ನನ್ನ ಗಾಡಿಯಲ್ಲಿ ಅವರು ಹಿಂದೆ ಕೂತದ್ದು ಅದೇ ಮೊದಲು. ಕಪ್ಪು ಕನ್ನಡಕ ಹಾಕಿದ್ದರು. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಊರು ದಾಟುವವರೆಗೆ ಅವರ ಬಲಗಾಲು ನೆಲ ಒತ್ತುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಬೇವಿನ ಗಿಡ ಬಂತು. ನಾನು ತಿರುವು ದಾಟಿ ಕನ್ನಡಿಯಲ್ಲಿ ನೋಡಿದೆ. ಕಾಕಾನ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಎದ್ದಿರಲಿಲ್ಲ.

ಮಾತಾಡುತ್ತಿರಲಿ, ಜ್ವರ ಬಂದಿರಲಿ, ಆ ಗಿಡದ ಹತ್ತಿರ ಆ ಕೈ ಏಳದೇ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ. ಅಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು. ಕನ್ನಡಿಯಲ್ಲಿ ಕಾಕು ನನ್ನನ್ನೇ ನೋಡುತ್ತಿದ್ದರು, ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದರು. ನಿಂಬೆಹಣ್ಣು ಅವರ ಮಡಿಲಲ್ಲಿತ್ತು. ಅಲ್ಲಿಂದ ಕೊಪ್ಪಳದವರೆಗೆ ನಾನು ನಡೆಸಿದಂತೆ ಮುಂಚೆ ನಡೆಸಿಲ್ಲ, ಆಮೇಲೂ ನಡೆಸಿಲ್ಲ.

ಕಣ್ಣಿನ ಆಸ್ಪತ್ರೆಯ ಮುಂದೆ ಕಾರು ನಿಂತ ಮೇಲೂ ಕಾಕಾ ಏಳಲಿಲ್ಲ. ಕಾಕು ಭುಜ ತಟ್ಟಿದರು.

"ಬೂದಗುಂಪಾ ಬಂತೇನು?" ಎಂದು ದಾರಿಯ ನಡುವಿನ ಊರು ಕೇಳಿದರು ಕಾಕಾ, ಧ್ವನಿ ಸರಿಮಾಡಿಕೊಂಡು.

"ಕೊಪ್ಪಳ ಬಂತ್ರಿ ಕಾಕಾ."

"ನಾ ಮಲಗಿರಲಿಲ್ಲ. ಕಣ್ಣಿಗೆ ಔಷಧ ಹಾಕ್ಯಾರಲ್ಲ, ಮುಚ್ಚಿದ್ದೆ ಅಷ್ಟ."

"ಹನುಮಪ್ಪನ್ನ ದಾಟಿ ಭಾಳ ಹೊತ್ತಾತ್ರಿ," ಅಂದೆ.

ಕಾಕಾ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಇಳಿದರು.

ಬರುವಾಗ ಅವರು ಒರಗಲಿಲ್ಲ, ನೆಟ್ಟಗೆ ಕೂತಿದ್ದರು. ಬೇವಿನ ಗಿಡ ಬರುವ ಮುಂಚೆಯೇ ಕೆಮ್ಮಿದರು. ನಾನು ಗೇರು ಬದಲಿಸಿ ಎರಡೂ ಕೈ ಸ್ಟೀರಿಂಗಿಗೆ ತಂದೆ. ಹಿಂದಿನಿಂದ ಕಾಕುವಿನ ಧ್ವನಿ ಬಂತು.

"ಅದೇನ್ರಿ, ಎರಡ ಸಲ ಮುಗದ್ರಿ? ಮುಂಜಾನಿದು ಬಾಕಿ ಇತ್ತಂತೇನು?"

"ಮುಂಜಾನಿದಕ್ಕ ಹನುಮಪ್ಪ ಏನೂ ಅನ್ನೂದಿಲ್ಲ. ಛಲೋ ನಿದ್ದಿ ಹತ್ತಿತ್ತು, ಅವಗೂ ಗೊತ್ತೈತಿ," ಎಂದರು ಕಾಕಾ. "ಮೊದಲನೇದು ನಂದು."

"ಮತ್ತ ಎರಡನೇದು?"

"ಆಕೀದು. ಇವತ್ತಿಂದು, ಇನ್ನ ಮುಂದಿಂದು, ಎಲ್ಲಾ ಸೇರಿಸಿ. ಆಕಿ ಕೈ ಖಾಲಿ ಇಲ್ಲಲ್ಲ."

ನಾನು ಕನ್ನಡಿಯಲ್ಲಿ ನೋಡಲಿಲ್ಲ. ತಿರುವು ಇನ್ನೂ ಮುಗಿದಿರಲಿಲ್ಲ.